ಇಬ್ಬರಿಗೂ ಒಂದೇ ಅಳತೆ

ಡಿಸೆಂಬರ್ ಬಂತೆಂದರೆ ಭಾನುವಿನ ಮನೆಯ ಅನ್ನದಲ್ಲೂ ಬೆಳ್ಳಿ ಬಣ್ಣದ ಮಿಂಚಿನ ಪುಡಿ ಸಿಗುತ್ತಿತ್ತು.

ಗುಂಡ್ಲುಪೇಟೆಯ ಹಳೆಯ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವಳದು ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ನು, ಹಿಂದಿನದರಲ್ಲಿ ಸಂಸಾರ. ಗಂಡ ಶಿವರಾಮು ಬಂಡೀಪುರದ ಕಾಡಿನಲ್ಲಿ ವಾಚರ್ ಆಗಿದ್ದ. ಕ್ಯಾಂಪಿನಿಂದ ಅವನು ಮನೆಗೆ ಬರುವುದೇ ಅಪರೂಪ. ಹಾಗಾಗಿ ಮನೆಯಲ್ಲಿ ಇರುತ್ತಿದ್ದವರು ಭಾನು ಮತ್ತು ಅವಳ ಮಗಳು ರಂಜಿನಿ. ಪಕ್ಕದ ಮನೆಯ ಮುದುಕಿ ಚಿಕ್ಕನಿಂಗಮ್ಮನೂ ಹಗಲೆಲ್ಲ ಇಲ್ಲೇ ಇರುತ್ತಿದ್ದುದರಿಂದ ಅವಳನ್ನೂ ಮನೆಯವಳೆಂದೇ ಲೆಕ್ಕ ಹಿಡಿಯಬೇಕು.

ಊರಿನಲ್ಲಿ ಕ್ರಿಸ್‌ಮಸ್ ಆಚರಿಸುವ ಮನೆಗಳು ಹೆಚ್ಚಿಲ್ಲ. ಆದರೆ ಇಂಗ್ಲಿಷ್ ಮೀಡಿಯಂ ಶಾಲೆಗಳು ಬಂದ ಮೇಲೆ ಹಬ್ಬ ಎಲ್ಲರ ಮನೆಗೂ ನುಗ್ಗಿತ್ತು. ರಂಜಿನಿ ಓದುವ ಶಾಲೆಯಲ್ಲಿ ಪ್ರತಿ ವರ್ಷ ಡಿಸೆಂಬರಿನಲ್ಲಿ ದೊಡ್ಡ ಕಾರ್ಯಕ್ರಮ. ಕುರಿ ಕಾಯುವವರು, ರಾಜರು, ದೇವದೂತರು, ಕೆಂಪು ಟೋಪಿಯ ತಾತಂದಿರು, ಎಲ್ಲರ ಉಡುಪೂ ಭಾನುವಿನ ಮಷಿನ್ನಿನ ಕೆಳಗಿಂದಲೇ ಹೋಗಬೇಕು. ತಾಯಂದಿರು ದಿನವಿಡೀ ಫೋನು ಮಾಡುತ್ತಿದ್ದರು. ಒಬ್ಬಳಿಗೆ ರೆಕ್ಕೆ ದೊಡ್ಡದಿರಬೇಕು, ಇನ್ನೊಬ್ಬಳಿಗೆ ತನ್ನ ಮಗಳ ಫ್ರಾಕಿನ ಘೇರು ಪಕ್ಕದ ಮನೆಯವಳ ಮಗಳದ್ದಕ್ಕಿಂತ ಹೆಚ್ಚಿರಬೇಕು. ಕರೆಂಟು ಹೋದರೆ ಕಾಲಿನಲ್ಲೇ ತುಳಿಯಬೇಕು. ಮುಂದಿನ ವರ್ಷ ಒಂದು ತುಂಡು ಸ್ಯಾಟಿನ್ನೂ ಮುಟ್ಟುವುದಿಲ್ಲ ಎಂದು ಅವಳು ಪ್ರತಿ ಸಲ ಶಪಥ ಮಾಡುತ್ತಿದ್ದಳು.

ಹಾಗೆಂದು ಆ ತಿಂಗಳು ಅವಳಿಗೆ ಇಷ್ಟವಿರಲಿಲ್ಲವೆಂದು ಹೇಳುವಂತಿಲ್ಲ. ವರ್ಷವೆಲ್ಲ ಬ್ಲೌಸು, ಲಂಗ, ಹರಿದ ಪ್ಯಾಂಟು ಹೊಲಿದ ಕೈಗೆ ಬಿಳಿ ನೆಟ್ಟಿನ ಬಟ್ಟೆ ಸಿಕ್ಕರೆ ಏನೋ ಹಗುರ. ಅಂಗಡಿಗಳ ಮುಂದೆ ಕಾಗದದ ನಕ್ಷತ್ರಗಳು ತೂಗುತ್ತಿದ್ದವು, ಬೇಕರಿಯವರು ಹೊರಗೆ ಮೇಜು ಹಾಕಿ ಕೇಕುಗಳನ್ನು ಪೇರಿಸುತ್ತಿದ್ದರು. ಸಂಜೆ ಮಗಳನ್ನು ಕೈಹಿಡಿದುಕೊಂಡು ಆ ದಾರಿಯಲ್ಲಿ ಸುಮ್ಮನೆ ಒಂದು ಸುತ್ತು ಬರುವುದು ಭಾನುವಿಗೆ ಜಾತ್ರೆಗಿಂತ ಹೆಚ್ಚಿನ ಖುಷಿ ಕೊಡುತ್ತಿತ್ತು.

ತ್ರೇಸ್ಯಾಮ್ಮ ಬಂದದ್ದು ಅಂಥದೇ ಒಂದು ಡಿಸೆಂಬರಿನಲ್ಲಿ. ಆಗ ರಂಜಿನಿಗೆ ಇನ್ನೂ ಐದು ವರ್ಷ.

ಹಂಗಳದ ಆಚೆ, ಕಾಡಂಚಿನಲ್ಲಿ ಕೇರಳದವರು ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯುತ್ತಾರೆ. ಒಂದು ಬೆಳೆ ತೆಗೆದು ಇನ್ನೊಂದು ಹೊಲಕ್ಕೆ ಹೋಗುತ್ತಾರೆ. ತ್ರೇಸ್ಯಾಮ್ಮ ಅಂಥ ಒಂದು ಸಂಸಾರದವಳು. ತೆಳ್ಳಗಿನ ಹೆಂಗಸು, ಕುತ್ತಿಗೆಯಲ್ಲಿ ಸಣ್ಣ ಶಿಲುಬೆ, ಮೈಯಿಂದ ಹಸಿ ಶುಂಠಿಯ ವಾಸನೆ. ಮಗಳಿಗೆ ಕ್ರಿಸ್‌ಮಸ್ ಫ್ರಾಕು ಬೇಕೆಂದು ಬಟ್ಟೆ ಚಾಚಿದಳು. ಬಿಳಿಯ ಮೇಲೆ ಸಣ್ಣ ನೀಲಿ ಹೂವಿನ ಬಟ್ಟೆ. ಅಳತೆಗೆ ಮಗುವನ್ನು ಕರೆತರಬೇಕಿತ್ತಲ್ಲ ಎಂದು ಭಾನು ಕೇಳಿದಾಗ, ಅವಳು ಬಾಗಿಲಲ್ಲಿ ನಿಂತಿದ್ದ ರಂಜಿನಿಯ ಕಡೆ ನೋಡಿ, ಈ ಮಗುವಿನ ಅಳತೆ ಸಾಕು ಎಂದಳು. ಭಾನು ಹಾಗೇ ಮಾಡಿದಳು. ಮಕ್ಕಳು ಒಂದೇ ವಯಸ್ಸಿನವರಾದರೆ ಅಂಥದ್ದು ಹೊಸದೇನಲ್ಲ.

ಮರುವರ್ಷ ಅದೇ ಬಟ್ಟೆ, ಅದೇ ಮಾತು. ಅಷ್ಟರಲ್ಲಿ ರಂಜಿನಿ ಒಂದು ಗೇಣು ಎತ್ತರವಾಗಿದ್ದಳು. ನಿಮ್ಮ ಮಗಳೂ ಇಷ್ಟೇ ಬೆಳೆದಿದ್ದಾಳಾ ಎಂದು ಭಾನು ಕೇಳಿದ್ದಕ್ಕೆ ತ್ರೇಸ್ಯಾಮ್ಮ ಸಹಜವಾಗಿ ಹೇಳಿದಳು: “ಒಟ್ಟಿಗೇ ಅಲ್ಲವಾ ಬೆಳೆಯೋದು.”

ಭಾಷೆ ಸರಿಯಾಗಿ ಬಾರದೆ ಹಾಗೆ ಅಂದಿರಬೇಕು ಎಂದು ಭಾನು ಅದನ್ನು ಅಲ್ಲಿಗೇ ಬಿಟ್ಟಳು. ಅದರ ಮುಂದಿನ ವರ್ಷವೂ ಹೊಲಿದುಕೊಟ್ಟಳು. ಬಟ್ಟೆಯ ಮಡಿಕೆಗಳು ಹಳದಿಗಟ್ಟಿದ್ದನ್ನು, ಲವಂಗದ ವಾಸನೆ ಬರುತ್ತಿದ್ದುದನ್ನು ಆಗಲೇ ಗಮನಿಸಿದ್ದಳು. ಎಂದೋ ಕೊಂಡ ಒಂದೇ ತಾನಿನಿಂದ ವರ್ಷಕ್ಕಿಷ್ಟು ಕತ್ತರಿಸಿ ತರುತ್ತಿರುವಂತಿತ್ತು.

ಈ ಸಲ ನವೆಂಬರಿನ ಕೊನೆಗೆ ರಂಜಿನಿಗೆ ಜ್ವರ ಹಿಡಿಯಿತು. ಜೋರು ಜ್ವರವೇನಲ್ಲ, ಮಧ್ಯಾಹ್ನ ಬರುವುದು, ಸಂಜೆ ಇಳಿಯುವುದು. ಗುಂಡ್ಲುಪೇಟೆಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಚಾಮರಾಜನಗರಕ್ಕೂ ಕರೆದುಕೊಂಡು ಹೋದದ್ದಾಯಿತು. ಏನೂ ಇಲ್ಲ, ಮಗು ಚೆನ್ನಾಗಿ ಊಟ ಮಾಡಲಿ ಎಂದರು. ಮಗು ಊಟ ಮಾಡುತ್ತಿರಲಿಲ್ಲ. ಶಾಲೆಯ ನಾಟಕದಲ್ಲಿ ಅವಳು ದೇವದೂತಳಾಗಬೇಕಿತ್ತು. ಭಾನು ಹೊಲಿದಿಟ್ಟ ರೆಕ್ಕೆ ಗೋಡೆಯ ಮೊಳೆಯಲ್ಲೇ ತೂಗುತ್ತಿತ್ತು. ಬೇರೆಯವರ ಮಕ್ಕಳ ರೆಕ್ಕೆಗೆ ಜರಿ ಹಚ್ಚುತ್ತ ಕುಳಿತಾಗ ಭಾನುವಿಗೆ ಹಬ್ಬವೆಂದರೆ ಬೆಂಕಿ ಹಾಕುವಷ್ಟು ಸಿಟ್ಟು ಬರುತ್ತಿತ್ತು.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ತ್ರೇಸ್ಯಾಮ್ಮ ಬಂದಳು. ಹಿಂದಿನ ಕೋಣೆಯ ಪರದೆ ಎಳೆದಿತ್ತು, ಒಳಗೆ ರಂಜಿನಿ ಮಲಗಿದ್ದಳು. ಬಟ್ಟೆ ಮುಂದಿಟ್ಟವಳಿಗೆ ಭಾನು, ಮಗಳು ಶಾಲೆಗೆ ಹೋಗಿದ್ದಾಳೆ, ಹೋದ ವರ್ಷದ ಅಳತೆಯ ಮೇಲೆ ಸ್ವಲ್ಪ ಜಾಸ್ತಿ ಇಟ್ಟು ಹೊಲಿಯುತ್ತೇನೆ ಎಂದು ಸುಳ್ಳು ಹೇಳಿದಳು. ಯಾಕೆ ಹಾಗೆ ಹೇಳಿದೆನೆಂದು ಅವಳಿಗೇ ಗೊತ್ತಿರಲಿಲ್ಲ.

ತ್ರೇಸ್ಯಾಮ್ಮ ತಲೆಯಾಡಿಸಿದಳು. “ಜಾಸ್ತಿ ಬೇಡ. ಸೊಂಟದ ಹತ್ತಿರ ಎರಡು ಬೆರಳು ಕಮ್ಮಿ ಮಾಡಿ. ಈ ತಿಂಗಳು ನನ್ನ ಮೋಳು, ಮಗಳು, ಸೊರಗಿದ್ದಾಳೆ, ಒಂದು ತುತ್ತೂ ತಿನ್ನೋದಿಲ್ಲ.”

ಅವಳು ಹೋದ ಮೇಲೆ ಭಾನು ಟೇಪು ಹಿಡಿದು ಒಳಗೆ ಹೋದಳು. ಮಲಗಿದ್ದ ಮಗಳ ಸೊಂಟದ ಸುತ್ತ ಮೆಲ್ಲಗೆ ಟೇಪು ತೂರಿಸಿ ನೋಡಿದಳು. ಸರಿಯಾಗಿ ಎರಡು ಬೆರಳು ಕಮ್ಮಿಯಾಗಿತ್ತು. ಮತ್ತೊಮ್ಮೆ ಸುತ್ತಿ ನೋಡಿದಳು, ಅಷ್ಟೇ ಇತ್ತು.

ಚಿಕ್ಕನಿಂಗಮ್ಮನಿಗೆ ಹೇಳದೆ ಇರಲಾಗಲಿಲ್ಲ. ಮುದುಕಿ ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಬಂದು ಹೇಳಿದಳು. “ಆ ಬಟ್ಟೆ ತಿರ್ಗ ಕೊಟ್ಬುಡು ಕಣಮ್ಮಿ. ನಿನ್ ಮಗೀನ್ ಅಳ್ತೇಲಿ ಇನ್ನೊಂದ್ ಮಗ ಬೆಳೀತಾ ಅದೆ. ಇದು ಸೊರಗುದ್ರೆ ಅದೂ ಸೊರಗ್ತದೆ. ನಾಳೆ ಅದಕ್ ಏನಾರ ಆದ್ರೆ ಇದಕ್ಕೂ ಆಯ್ತದೆ.”

ಫೋನಿನಲ್ಲಿ ಸಿಕ್ಕ ಶಿವರಾಮುವೂ ಅದನ್ನೇ ಹೇಳಿದ. ಅವನು ಮೊದಲು ನಕ್ಕ, ಆಮೇಲೆ ದನಿ ಇಳಿಸಿದ. ಸೋಲಾರ್ ಬೇಲಿಯ ಪಕ್ಕದ ಆ ಶುಂಠಿ ಹೊಲದ ಶೆಡ್ಡು ಅವನಿಗೆ ಗೊತ್ತಿತ್ತು. ಬೀಟಿನ ಗಸ್ತಿಗೆ ಹೋಗುವಾಗ ಗಂಡ ಹೆಂಡತಿ ಇಬ್ಬರನ್ನೇ ನೋಡಿದ್ದೇನೆ, ಅಲ್ಲಿ ಮಗುವೊಂದನ್ನು ಯಾವತ್ತೂ ಕಂಡಿಲ್ಲ, ಹೊಲಿಯಬೇಡ ಎಂದ.

ಭಾನುವಿಗೆ ಹೊಲಿಯದಿರಲೂ ಆಗಲಿಲ್ಲ. ಕೈಗೆ ಬಂದ ಹಬ್ಬದ ಬಟ್ಟೆಯನ್ನು ಹೊಲಿಯದೆ ವಾಪಸ್ಸು ಕಳಿಸಿದವಳಲ್ಲ ಅವಳು. ಯಾವ ಮಗುವೇ ಆಗಲಿ, ಇರಲಿ ಇಲ್ಲದಿರಲಿ, ಹಬ್ಬದ ದಿನ ಹೊಸ ಬಟ್ಟೆಯಿಲ್ಲದೆ ನಿಲ್ಲುವುದನ್ನು ನೆನೆದರೆ ಸಂಕಟವಾಗುತ್ತಿತ್ತು. ಒಂದು ದಿನವಿಡೀ ಆ ಬಟ್ಟೆಯನ್ನು ಮುಂದಿಟ್ಟುಕೊಂಡು ಯೋಚಿಸಿದಳು. ಆಮೇಲೆ ರಂಜಿನಿಯ ಅಳತೆಯನ್ನೂ ಹಿಡಿಯಲಿಲ್ಲ, ಬೇರೆ ಮಕ್ಕಳದ್ದನ್ನೂ ಹಿಡಿಯಲಿಲ್ಲ. ಕಣ್ಣಂದಾಜಿನಲ್ಲಿ, ಬಟ್ಟೆ ಎಷ್ಟು ಬರುತ್ತದೋ ಅಷ್ಟು ದೊಡ್ಡದಾಗಿ ಕತ್ತರಿಸಿದಳು. ಬೆಳೆಯುವ ಮಕ್ಕಳಿಗೆ ಹೊಲಿಯುವಾಗ ಮಾಡುವಂತೆ ಕೆಳಗಿನ ಅಂಚಿನಲ್ಲಿ, ಸೊಂಟದಲ್ಲಿ, ಭುಜದಲ್ಲಿ ಮಡಿಕೆಗಳನ್ನಿಟ್ಟು ಹೊಲಿದಳು. ಬೇಕಾದಾಗ ದಾರ ಬಿಚ್ಚಿದರೆ ಫ್ರಾಕು ಅಷ್ಟಷ್ಟೇ ದೊಡ್ಡದಾಗುತ್ತದೆ.

ತ್ರೇಸ್ಯಾಮ್ಮ ಮತ್ತೆ ಮನೆ ಬಾಗಿಲಿಗೆ ಬರಬಾರದೆಂದು ಫ್ರಾಕನ್ನು ತಾನೇ ಕೊಟ್ಟುಬರಲು ಹೊರಟಳು. ಕ್ರಿಸ್‌ಮಸ್ಸಿನ ಹಿಂದಿನ ದಿನ. ಶಾಲೆಯ ಕಾರ್ಯಕ್ರಮ ಮುಗಿದು ರಜೆ ಕೊಟ್ಟಿದ್ದರು. ರಂಜಿನಿಯನ್ನು ಚಿಕ್ಕನಿಂಗಮ್ಮನ ಹತ್ತಿರ ಬಿಟ್ಟು ಊಟಿ ರಸ್ತೆಯ ಬಸ್ಸು ಹತ್ತಿದಳು. ಕೇರಳದ ಕಾರುಗಳು ಛಾವಣಿಯ ಮೇಲೆ ಗಂಟು ಕಟ್ಟಿಕೊಂಡು ತಮ್ಮ ಊರಿನ ಕಡೆ ಧಾವಿಸುತ್ತಿದ್ದವು. ಹಂಗಳದಲ್ಲಿ ಇಳಿದು ಕೇಳಿಕೊಂಡು ನಡೆದಳು. ಹೊತ್ತು ಏರಿದ್ದರೂ ಕಾಡಿನ ಕಡೆಯ ಮಂಜು ಕರಗಿರಲಿಲ್ಲ. ದನ ಕಾಯುವವರು ಕೂಡ ಆ ದಾರಿಯಲ್ಲಿ ಇರಲಿಲ್ಲ.

ಶುಂಠಿ ಕಿತ್ತ ಹೊಲ ಅಗೆದ ಗುಂಡಿಗಳಿಂದ ತುಂಬಿತ್ತು. ನಡುವೆ ತಗಡಿನ ಶೆಡ್ಡು. ಅದರ ಮುಂದೆ ಬಿದಿರಿನ ಕೋಲಿಗೆ ಕೆಂಪು ಕಾಗದದ ನಕ್ಷತ್ರ ಕಟ್ಟಿ, ಹಾಡಹಗಲೇ ಅದರೊಳಗೆ ಬಲ್ಬು ಉರಿಸಿದ್ದರು. ಪೈಪು ಹಿಡಿದು ಶುಂಠಿ ತೊಳೆಯುತ್ತಿದ್ದ ಗಂಡಸು ಇವಳ ಕೈಯಲ್ಲಿದ್ದ ಚೀಲವನ್ನು ನೋಡಿ ಯಾಕೆ ಬಂದಿರಿ ಎಂದು ಕೇಳಲಿಲ್ಲ. ನೀರು ನಿಲ್ಲಿಸಿ, ತಲೆ ತಗ್ಗಿಸಿ ಹೊಲದ ಆ ಕೊನೆಗೆ ಹೋಗಿಬಿಟ್ಟ.

ತ್ರೇಸ್ಯಾಮ್ಮ ಇವಳಿಗಾಗಿ ಕಾಯುತ್ತಿದ್ದವಳಂತೆ ಒಳಗೆ ಕರೆದಳು. ಒಂದು ಮೂಲೆಯಲ್ಲಿ ಹುಲ್ಲು ಹಾಸಿ ಗೋದಲಿ, ಯೇಸು ಹುಟ್ಟಿದ ಕೊಟ್ಟಿಗೆ, ಮಾಡಿದ್ದಳು. ಪುಟ್ಟ ಕುರಿಗಳು, ಮಣ್ಣಿನ ತಾಯಿ. ಶೆಡ್ಡಿನ ಅರ್ಧಕ್ಕೆ ಹಳೆಯ ಸೀರೆಯ ಪರದೆ. ಕೇಕಿನ ತುಂಡು, ಕಪ್ಪು ಕಾಫಿ ಕೊಟ್ಟು, ತೊಡಿಸಿ ನೋಡ್ತೀನಿ, ಕೂತಿರಿ ಎಂದು ಫ್ರಾಕು ತೆಗೆದುಕೊಂಡು ಪರದೆಯ ಆಚೆ ಹೋದಳು.

ಭಾನು ಕೇಕು ಮುಟ್ಟದೆ ಕುಳಿತಳು. ಒಳಗಿನಿಂದ ತ್ರೇಸ್ಯಾಮ್ಮನ ದನಿ ಕೇಳುತ್ತಿತ್ತು. ಮಕ್ಕಳಿಗೆ ಬಟ್ಟೆ ತೊಡಿಸುವಾಗ ಎಲ್ಲ ತಾಯಂದಿರೂ ಆಡುವ ಮಾತು, ಮಲಯಾಳಂನಲ್ಲಿ. ಕೈ ಎತ್ತು ಮೋಳೇ. ಹಾಂ, ಇನ್ನೊಂದು. ತಿರುಗು ನೋಡೋಣ. ನೆಟ್ಟಗೆ ನಿಲ್ಲು. ಯಾರೂ ಉತ್ತರ ಕೊಡಲಿಲ್ಲ. ಬಟ್ಟೆ ಸರಿದಾಡುವ ಸದ್ದು ಮಾತ್ರ ಬರುತ್ತಿತ್ತು.

ತ್ರೇಸ್ಯಾಮ್ಮ ಹೊರಗೆ ಬಂದು ಫ್ರಾಕನ್ನು ಇವಳ ಮಡಿಲಲ್ಲಿಟ್ಟಳು. ದೊಡ್ಡದಾಯಿತು, ಭುಜದಿಂದ ಜಾರುತ್ತದೆ ಎಂದಳು.

ಭಾನು ಫ್ರಾಕನ್ನು ಕೈಗೆತ್ತಿಕೊಂಡಳು. ಅದು ಬೆಚ್ಚಗಿತ್ತು. ಮಕ್ಕಳು ತೊಟ್ಟು ಬಿಚ್ಚಿದ ಬಟ್ಟೆಯನ್ನು ಅವಳು ದಿನಾ ಹಿಡಿಯುತ್ತಾಳೆ. ಆ ಬಿಸುಪು ಒಲೆಯ ಮುಂದೆ ಹಿಡಿದರೆ ಬರುವುದಲ್ಲ, ಬಿಸಿಲಿಗೆ ಹಾಕಿದರೆ ಬರುವುದಲ್ಲ. ಬೆನ್ನಿನ ಹತ್ತಿರ ಹೆಚ್ಚು, ಅಂಚಿನಲ್ಲಿ ಕಮ್ಮಿ. ಕಂಕುಳಿನ ಹೊಲಿಗೆಯಲ್ಲಿ ಸ್ವಲ್ಪ ಬೆವರಿನ ತೇವ.

 ಎದ್ದು ಓಡಬೇಕೆನಿಸಿತು. ನಾನೊಂದು ಸಲ ಮಗುವನ್ನು ನೋಡಲೇ ಎಂದು ಕೇಳಿದಾಗ ಅವಳ ದನಿ ಅವಳಿಗೇ ಬೇರೆಯಾಗಿ ಕೇಳಿಸಿತು.

“ನಿಮಗೆ ಕಾಣೋದಿಲ್ಲ,” ಎಂದಳು ತ್ರೇಸ್ಯಾಮ್ಮ. “ನನಗೂ ಕಾಣೋದಿಲ್ಲ. ಬಟ್ಟೆ ತೊಡಿಸುವಾಗ ಮಾತ್ರ ಕೈಗೆ ಸಿಗ್ತಾಳೆ. ವರ್ಷಕ್ಕೆ ಒಂದೇ ಸಲ.”

ಆಮೇಲೆ ಅವಳು ಎಲ್ಲವನ್ನೂ ಹೇಳಿದಳು. ಮದುವೆಯಾಗಿ ಬಹಳ ವರ್ಷಕ್ಕೆ ಹೊಟ್ಟೆಯಲ್ಲಿ ನಿಂತ ಮಗು ಅದು. ಹೆಣ್ಣೇ ಎಂದು ಮನಸ್ಸು ಹೇಳಿತ್ತು. ಅದಕ್ಕೆ ಒಂದು ತಾನು ಬಟ್ಟೆ ಮೊದಲೇ ಕೊಂಡಿಟ್ಟಿದ್ದಳು. ಎಂಟು ವರ್ಷದ ಹಿಂದೆ, ಕ್ರಿಸ್‌ಮಸ್ ವಾರದಲ್ಲಿ ಚಾಮರಾಜನಗರದ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮಗು ಹೊಟ್ಟೆಯಲ್ಲೇ ಹೋಗಿತ್ತು. ಅಳು ಬರಲಿಲ್ಲ, ಹಾಲು ಮಾತ್ರ ಬಂತು. ಪಕ್ಕದ ಹಾಸಿಗೆಯಲ್ಲಿ ಒಬ್ಬಳು ಚಿಕ್ಕ ವಯಸ್ಸಿನ ಹುಡುಗಿ ಹೆರಿಗೆಯಾಗಿ ಜ್ವರದಲ್ಲಿ ಮೈಮೇಲೆ ಎಚ್ಚರವಿಲ್ಲದೆ ಬಿದ್ದಿದ್ದಳು. ಅವಳ ಕೂಸು ಹಸಿವಿನಿಂದ ಕಿರುಚುತ್ತಿತ್ತು. ಅವಳ ತಾಯಿ ಕೂಸನ್ನು ತಂದು ಏನೂ ಹೇಳದೆ ತ್ರೇಸ್ಯಾಮ್ಮನ ಮಡಿಲಿಗೆ ಹಾಕಿದಳು.

ಭಾನುವಿನ ಕೈ ಫ್ರಾಕಿನ ಮೇಲೆ ಹಾಗೇ ನಿಂತಿತು. ತೀರಿಹೋದ ತನ್ನ ತಾಯಿ ಮಲ್ಲಾಜಮ್ಮ ಈ ಕಥೆಯನ್ನು ಎಷ್ಟು ಸಲ ಹೇಳಿರಲಿಲ್ಲ. ನೀನು ಎಚ್ಚರ ತಪ್ಪಿ ಮಲಗಿದ್ದಾಗ ಯಾವಳೋ ಪುಣ್ಯಾತ್ಗಿತ್ತಿ ನಿನ್ನ ಮಗೀಗೆ ಹಾಲು ಕೊಟ್ಟಳು, ನೀನು ಕಣ್ಣು ಬಿಡೋದರೊಳಗೆ ಎದ್ದು ಹೋಗಿದ್ದಳು ಎಂದು. ಹೆಸರೂ ಕೇಳಲಿಲ್ಲವಲ್ಲ ಎಂದು ತಾಯಿ ಸಾಯುವವರೆಗೂ ಕೊರಗುತ್ತಿದ್ದಳು.

“ನನ್ನ ಮೋಳಿಗೆ ಬಂದ ಹಾಲನ್ನ ನಿಮ್ಮ ಮಗಳು ಕುಡಿದಳು,” ಎಂದಳು ತ್ರೇಸ್ಯಾಮ್ಮ. “ಗುಂಡ್ಲುಪೇಟೆಯಲ್ಲಿ ನಿಮ್ಮ ಬಾಗಿಲಲ್ಲಿ ಆ ಮಗೂನ ನೋಡಿದ ದಿನ ನನ್ನ ಎದೆ ಮತ್ತೆ ತೇವ ಆಯ್ತು. ಆ ವರ್ಷವೇ ಮೊದಲು ನನ್ನವಳು ಕೈಗೆ ಸಿಕ್ಕಿದ್ದು.”

ಹೊರಗೆ ಗಾಳಿಗೆ ನಕ್ಷತ್ರದ ಕಾಗದ ಪಟಪಟ ಅನ್ನುತ್ತಿತ್ತು. ಭಾನುವಿಗೆ ಈ ಹೆಂಗಸಿನ ಕಾಲು ಹಿಡಿಯಬೇಕೆನಿಸಿತು. ಅದೇ ಗಳಿಗೆಯಲ್ಲಿ ಮಗಳನ್ನೆತ್ತಿಕೊಂಡು ಇವಳ ಕಣ್ಣಿಗೆ ಬೀಳದಷ್ಟು ದೂರ ಹೋಗಬೇಕೆಂದೂ ಅನಿಸಿತು. ಎರಡೂ ನಿಜವೇ. ಅವಳು ಮಾಂಗಲ್ಯದ ಸರಕ್ಕೆ ಸಿಕ್ಕಿಸಿಕೊಂಡಿದ್ದ ಸೂಜಿ ಬಿಚ್ಚಿ, ದಾರ ಪೋಣಿಸಿ, ಭುಜದ ಮಡಿಕೆಯನ್ನು ಇನ್ನಷ್ಟು ಒಳಗೆ ಹಿಡಿದು ಹೊಲಿಯತೊಡಗಿದಳು. ಹೊಲಿಯುತ್ತಲೇ, ತಲೆ ಎತ್ತದೆ, ಮಲಯಾಳಂನವರಂತೆ ಅವಳನ್ನು ಅಕ್ಕ ಎಂದು ಕರೆದು ಹೇಳಿದಳು.

“ಇದು ನನ್ ಮಗೀನ್ ಅಳತೆ ಅಲ್ಲ ಚೇಚಿ. ಯಾರ ಅಳತೇನೂ ಅಲ್ಲ. ಮಡಿಕೆ ಇಟ್ಟಿವ್ನಿ. ವರ್ಷಕ್ಕೊಂದ ಬಿಚ್ಚಿ. ನಿಮ್ ಮಗಳು ಅವಳ ಪಾಡಿಗೆ ಅವಳು ಬೆಳೀಲಿ. ನನ್ ಮಗಳು ಮಲಗವ್ಳೆ, ಜ್ವರ ಬುಡ್ತಾನೇ ಇಲ್ಲ.”

ತ್ರೇಸ್ಯಾಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮಗುವಿಗೆ ಜ್ವರವೆಂಬುದು ಅವಳಿಗೆ ಗೊತ್ತೇ ಇರಲಿಲ್ಲ.  ಹಾಗಾದರೆ ಇನ್ನು ನಾನು ಬರುವುದು ಬೇಡ ಎಂದು ತನಗೇ ಹೇಳಿಕೊಳ್ಳುವಂತೆ ಅಂದಳು.

“ಅಳತೆಗೆ ಬರಬ್ಯಾಡಿ. ರಂಜಿನೀನ ನೋಡಕ್ಕೆ ಬನ್ನಿ. ಹಾಲು ಕೊಟ್ಟೋರು ನೀವು.”

 ತ್ರೇಸ್ಯಾಮ್ಮ ಫ್ರಾಕನ್ನು ಎತ್ತಿಕೊಂಡು ಮತ್ತೆ ಪರದೆಯ ಆಚೆ ಹೋದಳು. ಈ ಸಲ ಒಳಗೆ ಬಹಳ ಹೊತ್ತಾಯಿತು. ಮಾತೂ ಕೇಳಲಿಲ್ಲ. ಕೊನೆಗೆ ಪರದೆಯ ಆಚೆಯಿಂದಲೇ, ಈಗ ಸರಿಯಾಯಿತು, ನೀವು ಹೊರಡಿ, ಬಸ್ಸು ತಪ್ಪುತ್ತದೆ ಎಂಬ ದನಿ ಬಂತು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಭಾನು ಕೇಕಿನ ತುಂಡನ್ನು ಕಾಗದದಲ್ಲಿ ಸುತ್ತಿಕೊಂಡು ಹೊರಟಳು. ಹೊಲ ದಾಟುವವರೆಗೂ ಹಿಂದಿರುಗಿ ನೋಡಲಿಲ್ಲ.

ಮನೆಗೆ ಬರುವಷ್ಟರಲ್ಲಿ ಚಿಕ್ಕನಿಂಗಮ್ಮ ಹೊಸಿಲ ಮೇಲೆಯೇ ಕುಳಿತಿದ್ದಳು.  ಮಧ್ಯಾಹ್ನ ನಡೆದದ್ದನ್ನು ಪಿಸುದನಿಯಲ್ಲಿ ಹೇಳಿದಳು. ನಿದ್ದೆಯಲ್ಲಿದ್ದ ರಂಜಿನಿ ಎದ್ದು ನೆಲದ ಮೇಲೆ ನೆಟ್ಟಗೆ ನಿಂತಳಂತೆ. ಕಣ್ಣು ಮುಚ್ಚಿಯೇ ಇತ್ತು. ಒಂದು ಕೈ ಎತ್ತಿದಳು, ಆಮೇಲೆ ಇನ್ನೊಂದು. ಯಾರೋ ಭುಜ ಹಿಡಿದು ತಿರುಗಿಸಿದಂತೆ ಮೆಲ್ಲಗೆ ಒಂದು ಸುತ್ತು ತಿರುಗಿದಳು.

“‘ದೊಡ್ಡದಾಯ್ತು ಕಣಮ್ಮ, ಜಾರ್ತದೆ’ ಅಂತು ಮಗ,” ಎಂದಳು ಚಿಕ್ಕನಿಂಗಮ್ಮ. “ಮೈಮ್ಯಾಲೆ ಒಂದ್ ಹಳೇ ಲಂಗ ಬುಟ್ರೆ ಏನಿತ್ತಮ್ಮಿ ಅದಕ್ಕೆ ಜಾರಕೆ?”

ಸ್ವಲ್ಪ ಹೊತ್ತಿನ ಮೇಲೆ ಮತ್ತೊಮ್ಮೆ ಎದ್ದು ಹಾಗೇ ಕೈ ಎತ್ತಿದಳಂತೆ. ಆದರೆ ಈ ಸಲ ಅರ್ಧಕ್ಕೇ ಕೈ ಇಳಿಸಿ, ಮಲಗಿ, ಮೈಯೆಲ್ಲ ಬೆವರಿ ನಿದ್ದೆ ಹೋದಳಂತೆ.

ಮರುದಿನ ಜ್ವರ ಬರಲಿಲ್ಲ. ಮಧ್ಯಾಹ್ನವಾಯಿತು, ಸಂಜೆಯಾಯಿತು, ಬರಲಿಲ್ಲ. ಹಸಿವು ಎಂದು ರಂಜಿನಿ ಅಡುಗೆ ಕಟ್ಟೆಯ ಮೇಲೆ ಹುಡುಕಾಡಿ ಕಾಗದದಲ್ಲಿದ್ದ ಕೇಕನ್ನು ತೆಗೆದಳು. ಭಾನು ಅದನ್ನು ಕಿತ್ತುಕೊಂಡಳು. ಎಸೆಯಲೆಂದು ಬಾಗಿಲವರೆಗೆ ಹೋಗಿ ಅಲ್ಲೇ ನಿಂತಳು. ಹಾಲು ಕುಡಿಸಿದವಳ ಕೈಯ ಕೇಕು. ಮೊದಲು ತಾನೊಂದು ಚೂರು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಕಾದಳು. ಆಮೇಲೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಉಳಿದದ್ದನ್ನೆಲ್ಲ ತಿನ್ನಿಸಿದಳು.

ಶುಂಠಿ ಬೆಳೆದ ಮಣ್ಣಿನಲ್ಲಿ ಅವರು ಮತ್ತೆ ಶುಂಠಿ ಹಾಕುವುದಿಲ್ಲ. ಯುಗಾದಿಯ ಹೊತ್ತಿಗೆ ಶೆಡ್ಡು ಕಿತ್ತಿದ್ದರು. ಎಲ್ಲಿಗೆ ಹೋದರೆಂದು ಶಿವರಾಮು ವಿಚಾರಿಸಿದ. ಕೆಲವರು ಎಚ್.ಡಿ. ಕೋಟೆ ಕಡೆ ಎಂದರು, ಕೆಲವರು ಊರಿಗೇ ಹೋದರು ಎಂದರು. ಅವರ ಫೋನು ಹೋಗುತ್ತಿರಲಿಲ್ಲ.

ಮತ್ತೆ ಡಿಸೆಂಬರ್ ಬಂತು, ಮತ್ತೆ ತಾಯಂದಿರ ಫೋನು, ಮತ್ತೆ ಸ್ಯಾಟಿನ್ನು. ರಂಜಿನಿ ಈ ಸಲ ದೇವದೂತಳಾಗಲು ಒಪ್ಪಲಿಲ್ಲ, ಕುರಿ ಕಾಯುವವಳಾಗುತ್ತೇನೆ ಎಂದು ಹಟ ಹಿಡಿದಳು. ಕಂಬಳಿಯ ಬಟ್ಟೆಗೆ ಅಳತೆ ತೆಗೆಯುವಾಗ ಭಾನು ಮಗಳ ಭುಜದ ಮೇಲೆ ಟೇಪು ಇಟ್ಟಳು. ಮಗಳು ಕಿಟಕಿಯ ಆಚೆ ನೋಡುತ್ತ, ತರಗತಿಯ ಗೆಳತಿಯ ವಿಷಯ ಹೇಳುವಂತೆ ಹೇಳಿದಳು: “ಅವ್ಳು ನನಗಿಂತ ಉದ್ದ ಆಗವ್ಳೆ.”

 ಭಾನು ಟೇಪನ್ನು ಮೆಲ್ಲಗೆ ಸುತ್ತಿಟ್ಟಳು.

ಕಾರ್ಯಕ್ರಮದ ದಿನ ಶಾಲೆಯ ಅಂಗಳ ತುಂಬಿತ್ತು. ಪಕ್ಕದಲ್ಲಿ ಕುಳಿತಿದ್ದ ತಾಯಿಯೊಬ್ಬಳು ತನ್ನ ಮಗಳ ರೆಕ್ಕೆ ಒಂದು ಕಡೆ ವಾಲುತ್ತಿದೆ ಎಂದು ಗೊಣಗುತ್ತಲೇ ಇದ್ದಳು. ಭಾನು ತಲೆಯಾಡಿಸುತ್ತಿದ್ದಳು. ವೇದಿಕೆಯ ಮೇಲೆ ಕೋಲು ಹಿಡಿದು ನಿಂತ ರಂಜಿನಿ ಸಾಲಿನಲ್ಲಿ ತನ್ನ ಪಕ್ಕ ಇನ್ನೊಬ್ಬಳು ನಿಲ್ಲುವಷ್ಟು ಜಾಗ ಬಿಟ್ಟು ನಿಂತಿದ್ದಳು. ಹತ್ತಿರ ಬಾ ಎಂದು ಟೀಚರು ಕೈಸನ್ನೆ ಮಾಡಿದರೂ ಅವಳು ಸರಿಯಲಿಲ್ಲ. ಮಕ್ಕಳು ಹಾಡತೊಡಗಿದರು. ಹಾಡು ಚೆನ್ನಾಗಿತ್ತು, ಭಾನುವಿಗೆ ಹಿಡಿಸಿತು. ತ್ರೇಸ್ಯಾಮ್ಮ ಬಂದಿರಬಹುದೇ ಎಂದು ಮಧ್ಯೆ ಮಧ್ಯೆ ಹಿಂದಿನ ಕುರ್ಚಿಗಳ ಕಡೆ, ಗೇಟಿನ ಕಡೆ ತಿರುಗಿ ನೋಡಿದಳು. ಗೇಟಿನ ಬಳಿ ಯಾರೂ ಇರಲಿಲ್ಲ. ಅವಳು ಮತ್ತೆ ವೇದಿಕೆಯತ್ತ ತಿರುಗಿ ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು.